ಪಡುವಣ ತುದಿಯ ಮನೆ

ಕಾರು ಹಿಂದಕ್ಕೆ ಸರಿಯತೊಡಗಿದಾಗ ಹೇಮಾವತಿ ಚೀಲವನ್ನು ಬಗಲಿಗೆ ಹಾಕಿಕೊಂಡು ತನ್ನ ಬಾಗಿಲ ಕಟ್ಟೆಯ ಮೇಲೆ ನಿಂತೇ ಇದ್ದಳು. ಮುಂದಕ್ಕೆ ಬರಬೇಕಿದ್ದ ಕಾರು ಅದು. ಓಣಿಯ ಪಡುವಣ ತುದಿಯಲ್ಲಿದ್ದ ಅವಳ ಮನೆಯ ಮುಂದೆ ನಿಲ್ಲಬೇಕಿತ್ತು. ಇದೇ ಓಣಿಯ ಸೊಸೆ ಚೇತನ ಇಳಿದು ಬಂದು, ಚೀಲ ಇಸಿದುಕೊಂಡು, ಎರಡು ಮಾತಾಡಿ ಹೋಗಬೇಕಿತ್ತು. ಆದರೆ ಅದೇ ಹೊತ್ತಿಗೆ ಹತ್ತಿ ತುಂಬಿದ ಲಾರಿಯೊಂದು ಓಣಿಯ ಈ ಬಾಯಲ್ಲಿ ಚರಂಡಿಗೆ ಗಾಲಿ ಇಳಿಸಿಕೊಂಡು, ಮುನಿಸಿಕೊಂಡ ಬೀಗನ ಹಾಗೆ ಅಲ್ಲಾಡದೆ ಕೂತಿತ್ತು. ಡ್ರೈವರ್ ಬಾಲರಾಜ್ ನಾಲ್ಕು ಸಲ ಹಾರನ್ ಹೊಡೆದ, ಕಿಟಕಿಯಿಂದ ತಲೆ ಹೊರಹಾಕಿ ತೆಲುಗಿನಲ್ಲಿ ಏನೋ ಬೈದ, ಕೊನೆಗೆ ಬೇಸತ್ತು ಕಾರನ್ನು ಹಿಂದಕ್ಕೆ ಬಿಟ್ಟುಕೊಂಡು ಮೂಡಣ ತುದಿಯ ದೊಡ್ಡ ರಸ್ತೆಯ ಕಡೆಗೆ ಹೋದ.

ಕೂಗಿದ್ದರೆ ಕೇಳಿಸುತ್ತಿತ್ತು. ಕಾರು ಅಷ್ಟು ನಿಧಾನಕ್ಕೆ ಹೋಗುತ್ತಿತ್ತು. ಹೇಮಾವತಿ ಮೊದಲು ಕೈ ಎತ್ತಿದಳು ಕೂಡ. ಹಿಂದಿನ ಸೀಟಿನಲ್ಲಿ ಚೇತನಳ ಗುಲಾಬಿ ಸೆರಗು ಕಂಡಿತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಮುಂದೆ ಕೂತ ಅವಳ ಮಾವ ಉಚ್ಚೀರಪ್ಪ ಕೈಗಡಿಯಾರ ನೋಡುತ್ತಿದ್ದ. ತಮ್ಮ ಮನೆ ಬಾಗಿಲಲ್ಲಿ ನಿಂತ ಅವಳ ಅತ್ತೆ ಮಹಾಂತಮ್ಮ ಕಾರಿನತ್ತ ಕೈ ಬೀಸುತ್ತಿದ್ದಳು. ಯಾರೂ ಈ ಕಡೆ ನೋಡಿದ ಹಾಗೆ ಕಾಣಲಿಲ್ಲ. ಹೇಮಾವತಿಯ ಕೈ ಅರ್ಧಕ್ಕೆ ನಿಂತು ಕೆಳಗಿಳಿಯಿತು. ಮರೆತರಲ್ಲ ಎಂದು ನೊಂದುಕೊಂಡಳು. ಚೀಲ ಮರೆತದ್ದಕ್ಕಲ್ಲ, ತನ್ನ ಬಾಗಿಲು ಮರೆತದ್ದಕ್ಕೆ.

'ನೆನಪಾದಾಗ ಬರಲಿ ಬಿಡು' ಎಂದುಕೊಂಡು ಒಳಗೆ ಹೋಗಿ ಚೀಲವನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟಳು. ಗೋಡೆ ಗಡಿಯಾರದಲ್ಲಿ ಎಂಟರ ಮೇಲೆ ಎರಡು ನಿಮಿಷವಾಗಿತ್ತು.

ಈ ಚೀಲದ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ವಾಸಿ. ಆದೋನಿಯ ಆ ಓಣಿಯ ಹಳೆಯ ಶೈವ ಮನೆಗಳಲ್ಲಿ ದೂರ ಹೊರಡುವವರು ಪಂಚಾಂಗ ಕೇಳದೆ ಹೊಸ್ತಿಲು ದಾಟುವುದಿಲ್ಲ. ಆದರೆ ವಿಮಾನ ಯಾರ ಪಂಚಾಂಗವನ್ನೂ ಕೇಳಿ ಹಾರುವುದಿಲ್ಲ. ಚೇತನಳ ವಿಮಾನ ಶುಕ್ರವಾರ ಸಂಜೆ ಆರಕ್ಕೆ, ಶುಕ್ರವಾರ ಪಡುವಣ ದಿಕ್ಕಿಗೆ ಹೊರಟರೆ ಶೂಲ, ಕೇಡು ಎಂಬ ನಂಬಿಕೆ. ಇಂಥ ಇಕ್ಕಟ್ಟಿಗೆಂದೇ ಹಿರಿಯರು ಮಾಡಿಟ್ಟ ಉಪಾಯ ಪರಸ್ಥಾನ. ಒಳ್ಳೆಯ ದಿನ, ಒಳ್ಳೆಯ ಗಳಿಗೆ ನೋಡಿ, ಹೊರಡುವವರ ಒಂದು ಚೀಲವನ್ನು ಅವರು ಹೋಗುವ ದಿಕ್ಕಿನಲ್ಲಿರುವ ಬೇರೊಬ್ಬರ ಮನೆಯಲ್ಲಿ ಇಟ್ಟು ಬಂದರೆ ಪಯಣ ಆವತ್ತೇ ಶುರುವಾದ ಹಾಗೆ. ಆಮೇಲೆ ಮನುಷ್ಯರು ತಮ್ಮ ಅನುಕೂಲಕ್ಕೆ ಹೊರಟು, ದಾರಿಯಲ್ಲಿ ಚೀಲ ಎತ್ತಿಕೊಂಡು ಹೋಗಬಹುದು. ಇಟ್ಟ ಚೀಲ ತಿರುಗಿ ಮನೆಗೆ ಬರಬಾರದು, ನಡುವೆ ಯಾರೂ ಬಿಚ್ಚಬಾರದು, ಅಷ್ಟೇ.

ದಿಕ್ಕು ಯಾವುದೆಂಬ ವಿಷಯದಲ್ಲೇ ಉಚ್ಚೀರಪ್ಪನ ತಲೆ ಎರಡು ದಿನ ಕೆಟ್ಟಿತ್ತು. ವಿಮಾನ ಹತ್ತುವ ಹೈದರಾಬಾದ್ ಇರುವುದು ಈಶಾನ್ಯಕ್ಕೆ. ಇಳಿಯುವ ಮ್ವಾಂಜಾ ಇರುವುದು ಆಫ್ರಿಕಾದಲ್ಲಿ, ಪಡುವಣಕ್ಕೆ. ಕಾರು ಒಂದು ಕಡೆ ಓಡುತ್ತದೆ, ವಿಮಾನ ಇನ್ನೊಂದು ಕಡೆ ಹಾರುತ್ತದೆ. ಚೀಲ ಎಲ್ಲಿ ಇಡುವುದು? ಮಠದ ಅಯ್ಯನವರು ಎಲೆ ಅಡಿಕೆ ಹಾಕಿಕೊಂಡು ಯೋಚಿಸಿ, ಕೊನೆಗೆ ಇಳಿಯುವ ಊರಿನ ದಿಕ್ಕೇ ದಿಕ್ಕು ಎಂದರು. ಓಣಿಯ ಪಡುವಣಕ್ಕೆ ಇದ್ದದ್ದು ಹೇಮಾವತಿಯ ಮನೆ ಒಂದೇ. ಅದರಾಚೆ ಚರಂಡಿ, ಹತ್ತಿ ಮಿಲ್ಲಿನ ಗೋಡೆ.

"ಗಂಡ ಬಿಟ್ಟಾಕಿ ಮನ್ಯಾಗ ಪರಸ್ಥಾನ ಇಡೋದಾ?" ಎಂದು ಮಹಾಂತಮ್ಮ ಮೂತಿ ತಿರುವಿದ್ದಳು.

"ಗಂಡ ಸತ್ತಿಲ್ಲಲ್ಲ" ಎಂದಿದ್ದ ಉಚ್ಚೀರಪ್ಪ. "ಊರಾಗ ಅದಾನ, ಮನ್ಯಾಗ ಇಲ್ಲ, ಅಷ್ಟಾ. ಕೊಳ್ಳಾಗ ತಾಳಿ ಐತಿ. ಮುತ್ತೈದಿ ಅಲ್ಲೇನು ಆಕಿ?"

ಗಂಡ ಮರಿಬಸಪ್ಪ ಹನ್ನೊಂದು ವರ್ಷದಿಂದ ಸ್ಟೇಷನ್ ಹತ್ತಿರ ಬೇರೆ ಹೆಂಗಸಿನೊಂದಿಗೆ ಸಂಸಾರ ಮಾಡಿಕೊಂಡಿದ್ದ. ಈ ಹನ್ನೊಂದು ವರ್ಷ ಓಣಿಯ ಒಂದು ಆರತಿಗೂ ಹೇಮಾವತಿಯನ್ನು ಕರೆದವರಿಲ್ಲ. ಆರತಿಗೆ ಬಂದ ಹೆಂಗಸರ ರವಿಕೆಗಳನ್ನು ಮಾತ್ರ ಅವಳೇ ಹೊಲಿದಿರುತ್ತಿದ್ದಳು. ಅಂಥವಳು ನಲವತ್ಮೂರನೆಯ ವಯಸ್ಸಿನಲ್ಲಿ ಆಫ್ರಿಕಾದ ದೆಸೆಯಿಂದ ಮತ್ತೆ ಮುತ್ತೈದೆಯಾದಳು.

ಚೀಲದೊಳಗೆ ಏನಿಡಬೇಕೆಂಬುದರಲ್ಲೂ ಉಚ್ಚೀರಪ್ಪನದು ಹೊಸ ವಿಚಾರ. ಹೋದ ಸಲ ಮಗ ಸಿದ್ದಲಿಂಗೇಶ್ ಹೊರಟಾಗ ಒಂದು ಹಳೆ ಪಂಚೆ, ಒಂದು ತೆಂಗಿನಕಾಯಿ ಕಟ್ಟಿ ಇಟ್ಟಿದ್ದರು. ಆಮೇಲೆ ಅವನ ಕಾಗದಪತ್ರಗಳು ಎಲ್ಲೋ ಸಿಕ್ಕಿಬಿದ್ದು ಇಪ್ಪತ್ತು ದಿನ ತಡವಾಯಿತು. "ಪಂಚಿ ಹೊಂಟಿತ್ತು, ಹುಡುಗ ಹೊಂಟಿದ್ದಿಲ್ಲ. ಯಾವುದಿಲ್ದಿದ್ರ ಮನುಷ್ಯ ಹೋಗಾಕ ಬರಂಗಿಲ್ವೋ ಅದನ್ನಾ ಇಡ್ಬೇಕು" ಎಂದು ಈ ಸಲ ಅವನೇ ನಿಂತು, ಸೊಸೆಯ ಪಾಸ್‌ಪೋರ್ಟು, ವೀಸಾ ಕಾಗದ, ಟಿಕೆಟ್ಟು, ಹಳದಿ ಜ್ವರದ ಸೂಜಿ ಹಾಕಿಸಿಕೊಂಡ ಕಾರ್ಡು, ಎಲ್ಲವನ್ನೂ ಅರಿಶಿನದ ಅಕ್ಕಿ, ಕುಂಕುಮದ ಪೊಟ್ಟಣದ ಜೊತೆ ಒಂದೇ ಚೀಲದಲ್ಲಿ ಹಾಕಿಸಿ, ಬುಧವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಸರಿಯಾಗಿ ಹೇಮಾವತಿಯ ಮನೆಯಲ್ಲಿ ಇಡಿಸಿದ್ದ. ಎರಡು ದಿನ ಅವಳು ಅದನ್ನು ದೇವರ ಗೂಡಿನ ಪಕ್ಕದಲ್ಲಿಟ್ಟು ಇರುವೆ ಬಾರದಂತೆ ನೋಡಿಕೊಂಡಿದ್ದಳು.

ಈಗ ಅದು ಮಿಷನ್ನಿನ ಮೇಲೆ ಕೂತಿತ್ತು. ಹೇಮಾವತಿ ಅದರ ಎದುರಿಗೆ ಕೂತಿದ್ದಳು.

ಚೇತನ ಮೊದಲ ಸಲ ಬಂದದ್ದು ಸೀರೆಗೆ ಫಾಲ್ಸ್ ಹಚ್ಚಿಸಲು. ಮದುವೆಯಾಗಿ ಹದಿನೈದು ದಿನವಾಗಿತ್ತು, ಗಂಡ ಆಗಲೇ ವಿಮಾನ ಹತ್ತಿದ್ದ. ಸಿದ್ದಲಿಂಗೇಶ್ ಹತ್ತಿ ಮಿಲ್ಲಿನ ಫಿಟ್ಟರ್. ಇಲ್ಲಿನ ಮಿಲ್ಲುಗಳಲ್ಲಿ ಕೈ ಪಳಗಿಸಿಕೊಂಡು, ತಾಂಜಾನಿಯಾ ದೇಶದ ಮ್ವಾಂಜಾ ಊರಿನ ಮಿಲ್ಲಿಗೆ ಹೋಗಿದ್ದ. ಮೂರು ವರ್ಷದಲ್ಲಿ ಎರಡು ಸಲ ಬಂದ, ಎಲ್ಲ ಸೇರಿ ಒಂಬತ್ತು ವಾರ ಇದ್ದ. ಉಳಿದ ದಿನಗಳ ಮಧ್ಯಾಹ್ನಗಳೆಲ್ಲ ಹೇಮಾವತಿಯ ಪಾಲಿಗೆ ಬಂದವು. ಅತ್ತೆ ಮಲಗಿದ ಮೇಲೆ, ಎರಡು ಗಂಟೆಗೆ, ಹೊಲಿಗೆ ಕಲಿಯುವ ನೆಪ ಹೇಳಿ ಚೇತನ ಬರುತ್ತಿದ್ದಳು. ಮೂರು ವರ್ಷದಲ್ಲಿ ಅವಳು ಕಲಿತದ್ದು ಹುಕ್ಕು ಹಚ್ಚುವುದನ್ನು ಮಾತ್ರ. ಉಳಿದ ಹೊತ್ತು ಒಂದೇ ತಟ್ಟೆಯಲ್ಲಿ ಮಂಡಕ್ಕಿ ಉಗ್ಗಾಣಿ ತಿನ್ನುತ್ತ, ಹಾಳುಮೂಳು ಮಾತಾಡುತ್ತ, ಓಣಿಯವರ ನಡಿಗೆ ಅಣಕಿಸುತ್ತ ಇಬ್ಬರೂ ನಗುತ್ತಿದ್ದರು. ಹೇಮಾವತಿಗೆ ಬೆಳಗಿನಿಂದ ಎರಡರ ತನಕದ ಹೊತ್ತು ಎರಡು ಗಂಟೆಯನ್ನು ಕಾಯುವುದಕ್ಕೆ, ನಾಲ್ಕರ ಮೇಲಿನ ಹೊತ್ತು ಅದನ್ನು ಮೆಲುಕು ಹಾಕುವುದಕ್ಕೆ.

ವೀಸಾ ಬಂದ ದಿನ ಚೇತನ ಫೋನು, ಒಂದು ಹರಿದ ಅಟ್ಲಾಸು ಎರಡನ್ನೂ ತಂದಿದ್ದಳು. ಫೋನಿನಲ್ಲಿ ಎರಡು ವಿಮಾನ ನಿಲ್ದಾಣಗಳ ಹೆಸರು ಒತ್ತಿದರೆ ನಡುವಿನ ದೂರ, ಹಾರುವ ಹೊತ್ತು ಎರಡನ್ನೂ ಅದೇ ಹೇಳುತ್ತಿತ್ತು.

"ಐದು ಸಾವಿರದ ನಾನೂರು ಚಿಲ್ರಿ ಕಿಲೋಮೀಟರ್ ಅಕ್ಕಾ. ಏಳು ತಾಸಂತ."

"ಏಳಾ ತಾಸಾ? ಹಂಗಾರ ಬೆಳಿಗ್ಗಿ ಹೋದ್ರ ಸಂಜಿಗಿ ಮುಟ್ಟೇ ಬಿಡ್ತಿ."

"ನೆಟ್ಟಗ ಹಾರಿದ್ರ ಏಳು. ನೆಟ್ಟಗ ಹೋಗೋ ವಿಮಾನಾನ ಇಲ್ಲ. ಎರಡು ಕಡಿ ಇಳಿದು ಹತ್ತಬೇಕು. ಎಲ್ಲಾ ಕೂಡಿ ಇಪ್ಪತ್ಮೂರು ತಾಸು."

"ಇಲ್ಲದ ವಿಮಾನದ ಹೊತ್ತು ಅದ್ಯಾಕ ಹೇಳ್ತೈತಿ?" ಎಂದು ಹೇಮಾವತಿ ಫೋನನ್ನೇ ಬೈದಳು. ಆಮೇಲೆ ಕೊರಳಲ್ಲಿದ್ದ ಟೇಪನ್ನು ಅಟ್ಲಾಸಿನ ಮೇಲೆ ಹಿಡಿದು ಹೈದರಾಬಾದಿನಿಂದ ಅಲ್ಲಿಗೆ ಅಳೆದಳು. ಐದಿಂಚೂ ಇರಲಿಲ್ಲ. "ಇಷ್ಟಾ? ಒಂದು ತೋಳಿನ ಅಳತಿ ಇಲ್ಲ."

"ಬಳ್ಳಾರಿಗೆ ಎಂಬತ್ತು ಸಲ ಹೋದಂಗ ಆಗ್ತೈತಿ ನೋಡು."

"ನಾ ಹುಟ್ಟಿದಾಗಿಂದ ಬಳ್ಳಾರಿಗೆ ನಾಕು ಸಲ ಹೋಗೀನಿ. ಇನ್ನ ಎಪ್ಪತ್ತಾರು ಬಾಕಿ ಅದಾವ."

ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಚೇತನ ಎದ್ದು ಹೋದ ಮೇಲೆ ಹೇಮಾವತಿ ಒಂದು ರವಿಕೆಯ ಎಡತೋಳನ್ನು ಬಲಕ್ಕೆ ಹೊಲಿದಳು, ಬಿಚ್ಚಿದಳು, ಮತ್ತೆ ಹಾಗೆಯೇ ಹೊಲಿದಳು. ಅವತ್ತು ಅವಳು ಬಾಗಿಲು ಹಾಕಿಕೊಂಡು ಅತ್ತಳು. ಗಂಡ ಹೋದಾಗ ಇಷ್ಟು ಅತ್ತಿರಲಿಲ್ಲ. ಆಗ ಸಿಟ್ಟಾದರೂ ಜೊತೆಗಿತ್ತು. ಈ ಹುಡುಗಿಯ ಮೇಲೆ ಸಿಟ್ಟು ಮಾಡಲು ಒಂದು ನೆಪವೂ ಇರಲಿಲ್ಲ.

ಇವತ್ತು ನೆಪ ಸಿಕ್ಕಿತ್ತು. ಎಂಟೂ ಇಪ್ಪತ್ತಾಯಿತು. ಫೋನು ಮಿಷನ್ನಿನ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ದಾರಿಯೆಲ್ಲ ಅವಳಿಗೆ ಬಾಯಿಪಾಠವಾಗಿತ್ತು, ಚೇತನ ಅಷ್ಟು ಸಲ ಹೇಳಿದ್ದಳು. ಎಂಟಕ್ಕೆ ಬಿಟ್ಟರೆ ಮುಕ್ಕಾಲು ತಾಸಿಗೆ ಎಮ್ಮಿಗನೂರು, ಹತ್ತೂವರೆಗೆ ಕರ್ನೂಲು, ಎರಡರ ಸುಮಾರಿಗೆ ಶಂಷಾಬಾದ್ ವಿಮಾನ ನಿಲ್ದಾಣ. ಅಲ್ಲಿ ಬಾಗಿಲಲ್ಲಿ ನಿಂತ ಪೊಲೀಸಪ್ಪ ಪಾಸ್‌ಪೋರ್ಟು ಕೇಳುವ ತನಕ ಆ ಕಾರಿನಲ್ಲಿ ಯಾರಿಗೂ ಅದು ಬೇಕಾಗುವುದಿಲ್ಲ. ಕೇಳಿದ ಮೇಲೆ ಗೊತ್ತಾದರೆ ಏನೂ ಮಾಡಲಾಗುವುದಿಲ್ಲ. ಐದಾರು ತಾಸಿನ ದಾರಿ ತಿರುಗಿ ಬರುವಷ್ಟರಲ್ಲಿ ವಿಮಾನ ಎತ್ತಲೋ ಹೋಗಿರುತ್ತದೆ. ಮತ್ತೆ ಟಿಕೆಟ್ಟು, ಮತ್ತೆ ಒಳ್ಳೆಯ ದಿನ, ಮತ್ತೆ ಪರಸ್ಥಾನ. ಒಂದು ತಿಂಗಳಂತೂ ಬೇಕೇ ಬೇಕು. ಒಂದು ತಿಂಗಳೆಂದರೆ ಮೂವತ್ತು ಮಧ್ಯಾಹ್ನ.

ಹೀಗೆಲ್ಲ ತಾನು ಯೋಚಿಸುತ್ತಿದ್ದೇನೆಂದು ತಿಳಿದು ಅವಳಿಗೆ ನಾಚಿಕೆಯಾಯಿತು. ಆದರೆ ಫೋನನ್ನು ಮುಟ್ಟಲಿಲ್ಲ. 'ಚೀಲ ನೆನಪಿಲ್ಲದಿದ್ದರೆ ಹೋಗಲಿ, ನಾನಾದರೂ ನೆನಪಾಗಬೇಡವೇ? ಮೂರು ವರ್ಷ ತಿಂದ ತಟ್ಟೆ ನೆನಪಾಗಬೇಡವೇ?' ಎಂದು ತನ್ನೊಳಗೇ ಜಗಳ ತೆಗೆದಳು. ಎಂಟೂವರೆಯಾಯಿತು.

ತರಕಾರಿ ಮಾರುವ ಹುಸೇನಮ್ಮ ಬುಟ್ಟಿ ಇಳಿಸಿ, ಬಾಗಿಲಲ್ಲೇ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡಳು. ಮೊಮ್ಮಗಳ ರವಿಕೆ ಒಯ್ಯಲು ಬಂದಿದ್ದಳು. ಬಂದವಳ ಕಣ್ಣು ಮೊದಲು ಬಿದ್ದದ್ದು ಚೀಲದ ಮೇಲೆ.

"ಯಾರ್ದು ಹೇಮಕ್ಕಾ? ಕುಂಕುಮ ಹಚ್ಚಿಟ್ಟೀದಿ."

"ನಂದಾ" ಎಂದಳು ಹೇಮಾವತಿ. ಮಾತು ತಾನಾಗಿಯೇ ಬಂದುಬಿಟ್ಟಿತ್ತು.

"ಅಯ್ಯ, ಊರಿಗಿ ಹೊಂಟಿಯೇನು? ಎಕ್ಕಡಿಕಿ?"

"ಪಡುವಣಕ್ಕ."

"ಬಳ್ಳಾರಿಗೇನು?"

"ಇನ್ನೂ ಮುಂದ."

ಹುಸೇನಮ್ಮನಿಗೆ ನಿಜವಾಗಿಯೂ ಖುಷಿಯಾಯಿತು. "ಹೋಗಿ ಬಾರವ್ವಾ. ಎಷ್ಟಂತ ಈ ಮಿಷಿನ್ ಮುಂದ ಕುಂದರ್ತಿ? ಹೋದಾಕಿ ನಾಕು ದಿನ ಇದ್ದು ಬಾ. ಬಿಲ್ಕುಲ್ ಚಿಂತಿ ಮಾಡಬ್ಯಾಡ." ರವಿಕೆ ಬುಟ್ಟಿಯಲ್ಲಿಟ್ಟುಕೊಂಡು ಎದ್ದವಳು ಸಹಜವಾಗಿ ಕೇಳಿದಳು, "ಅಲ್ಲಿ ಕರಕೊಳ್ಳಾಕ ಯಾರು ಬರ್ತಾರ?"

ಹುಸೇನಮ್ಮ ಉತ್ತರಕ್ಕೆ ಕಾಯಲಿಲ್ಲ, ಬದನೆಕಾಯಿ ಎಂದು ಕೂಗುತ್ತ ಓಣಿಯಲ್ಲಿ ನಡೆದಳು.

ಕರಕೊಳ್ಳಲು 'ಅಲ್ಲಿ' ಒಬ್ಬನಿದ್ದ. ಹೋದ ವಾರ ಚೇತನ ತೋರಿಸಿದ ಫೋಟೋದಲ್ಲಿ ಸಿದ್ದಲಿಂಗೇಶ್ ಹೊಸ ಮನೆಯ ಕಿಟಕಿಗೆ ಪರದೆ ಕಟ್ಟುತ್ತಿದ್ದ, ಅದೂ ಉಲ್ಟಾ. "ಹೆಣ್ಮಕ್ಕಳು ಮಾಡೋ ಕೆಲಸ ಅಕ್ಕಾ, ಇವಗ ಬರಂಗಿಲ್ಲ" ಎಂದು ಚೇತನ ನಾಚಿದ್ದಳು. ನಾಳೆ ಸಂಜೆ ಅವನು ಮಿಲ್ಲಿಗೆ ರಜೆ ಹಾಕಿ, ಗಡ್ಡ ಬೋಳಿಸಿಕೊಂಡು, ಇಳಿದು ಬಂದವರ ಮುಖವನ್ನೆಲ್ಲ ನೋಡುತ್ತ ನಿಲ್ಲುತ್ತಾನೆ. ಎಲ್ಲರೂ ಹೊರಗೆ ಬಂದು ಮುಗಿದ ಮೇಲೂ ನಿಲ್ಲುತ್ತಾನೆ. ಹಾಗೆ ಕಾದು ನಿಲ್ಲುವುದು ಏನೆಂದು ಈ ಓಣಿಯಲ್ಲಿ ಹೇಮಾವತಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಮರಿಬಸಪ್ಪ ಬಾರದ ಮೊದಲ ತಿಂಗಳು ಅವಳು ದಿನಾ ಎರಡು ತಟ್ಟೆ ತೊಳೆದಿಟ್ಟಿದ್ದಳು. ತನಗೆ ಆದದ್ದನ್ನು ಆ ಬಡಪಾಯಿಗೂ, ಆ ಹುಡುಗಿಗೂ ಒಂದು ತಿಂಗಳ ಮಟ್ಟಿಗೆ ಹಂಚಲು ಹೊರಟಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಫೋನು ಎತ್ತಿಕೊಂಡಳು. ಎತ್ತಿಕೊಂಡರೆ ಇನ್ನೊಂದು ತೊಡಕು. ಇಷ್ಟು ಹೊತ್ತು ಏನು ಮಾಡುತ್ತಿದ್ದೆ ಎಂದರೆ ಏನು ಹೇಳುವುದು? ಹಿತ್ತಲಲ್ಲಿದ್ದೆ, ಕಾರು ಹೋದದ್ದು ಕಾಣಲಿಲ್ಲ ಎನ್ನಬಹುದು. ಚಾರ್ಜು ಇರಲಿಲ್ಲ ಎನ್ನಬಹುದು. ಸುಳ್ಳನ್ನು ಅಳತೆಗೆ ಸರಿಯಾಗಿ ಕತ್ತರಿಸುತ್ತ ಕೂತಿದ್ದಾಗ ಒಂಬತ್ತಾಯಿತು. ಆಗ ಫೋನು ತಾನೇ ಬಡಿದುಕೊಂಡಿತು. ಚೇತನ.

"ಅಕ್ಕಾ..." ಆಮೇಲೆ ಅಳು. "ಅಕ್ಕಾ, ನಿನಗ ಹೇಳಲಾರ್ದಂಗ ಬಂದ್ಬಿಟ್ನಿ. ಆ ದರಿದ್ರ ಲಾರಿ ಅಡ್ಡ ನಿಂತಿತ್ತು. ಗಾಡಿ ನಿಂದರಸ್ರಿ ಅಂತ ಮಾಮಗ ಹೇಳಾಕ ಬಾಯೇ ಬರ್ಲಿಲ್ಲ. ಈಗ ತಡಕೊಳ್ಳಾಕ ಆಗ್ಲಿಲ್ಲ. ಸಿಟ್ಟು ಮಾಡಬ್ಯಾಡಕ್ಕಾ."

ಹೇಮಾವತಿ ಚೀಲವನ್ನೇ ನೋಡುತ್ತ ಕೇಳುತ್ತಿದ್ದಳು. ಚೀಲದ ಮಾತು ಬರಲಿಲ್ಲ. ಚೇತನಳಿಗೆ ಚೀಲ ಇನ್ನೂ ನೆನಪಾಗಿರಲಿಲ್ಲ; ನೆನಪಾದದ್ದು ಹೇಮಾವತಿ. ರವಿಕೆ ಆಯಿತೇ ಎಂದು ಕೇಳಲಿಕ್ಕಲ್ಲದೆ ಸುಮ್ಮನೆ ಇವಳಿಗಾಗಿ ಯಾರೂ ಫೋನು ಮಾಡಿ ಎಷ್ಟೋ ವರ್ಷವಾಗಿತ್ತು. ಬೇಕಾಗಿದ್ದು ಇಷ್ಟೇ, ಇದು ಸಿಕ್ಕಿಬಿಟ್ಟಿತು. ಇಲ್ಲಿಗೇ ಮಾತು ಮುಗಿಸಿದರೂ ಆಗುತ್ತಿತ್ತು. ಹೋಗಿ ಬಾ ಎಂದರೆ ಸಾಕು, ರಾತ್ರಿಯ ಹೊತ್ತಿಗೆ ಅವಳು ತಾನಾಗಿ ತಿರುಗಿ ಬರುತ್ತಿದ್ದಳು, ಅದೂ ಯಾರ ತಪ್ಪೂ ಇಲ್ಲದೆ.

"ಎಲ್ಲಿದೀರಿ ಈಗ?" ಎಂದಳು ಹೇಮಾವತಿ.

"ಗೋನೆಗಂಡ್ಲ ಬಂತು."

"ಗಾಡಿ ನಿಂದರಸು. ಪರಸ್ಥಾನದ ಚೀಲ ಇಲ್ಲೇ ಐತಿ. ನಿನ್ನ ಪಾಸ್‌ಪೋರ್ಟ್ ಇಲ್ಲೇ ಐತಿ ಚೇತನಾ."

ಆ ಕಡೆ ಉಚ್ಚೀರಪ್ಪ "ಅಯ್ಯೋ ಶಿವನೇ" ಎಂದು ಕೂಗಿದ್ದು, ಬಾಲರಾಜ್ ಬ್ರೇಕ್ ಹಾಕಿದ್ದು ಎರಡೂ ಕೇಳಿಸಿದವು. ಮುದುಕ ಫೋನು ಕಿತ್ತುಕೊಂಡು ತೊದಲತೊಡಗಿದ. ಹೇಮಾವತಿಯೇ ಹೇಳಿದಳು: "ಕಾಕಾ, ಆದೋನಿ ತನ ಬರಬ್ಯಾಡ್ರಿ, ಹೊತ್ತಾಗ್ತೈತಿ. ತಿರುಗಿ ಎಮ್ಮಿಗನೂರಿಗಿ ಬರ್ರಿ. ಊರ ಹೊರಗಿನ ಪೆಟ್ರೋಲ್ ಬಂಕ್ ಹತ್ರ ನಿಂದರ್ರಿ. ನಾ ಅಲ್ಲಿಗಿ ತರ್ತೀನಿ."

ಮಿಲ್ಲಿನ ಗೋಡೆ ಪಕ್ಕದಲ್ಲಿ ಶಿವಕೃಷ್ಣನ ಆಟೋ ನಿಂತಿತ್ತು. ಎಮ್ಮಿಗನೂರಿಗೆಂದಾಗ ಅವನು ಅವಳನ್ನು ಮೇಲೆ ಕೆಳಗೆ ನೋಡಿದ. ಈ ಅಕ್ಕ ಮಾರ್ಕೆಟ್ಟಿಗೂ ನಡೆದೇ ಹೋಗುವವಳು.

"ಎಂತಮಂದಿ ಅಕ್ಕಾ? ಇನ್ನ ನಾಕು ಮಂದಿ ಬರಲಿ, ಹೋಗೋಣು."

"ನಾ ಒಬ್ಬಾಕಿನಾ. ಯಾರನ್ನೂ ಹತ್ತಿಸಬ್ಯಾಡ. ತೊಂದರಗಾ ಪೋನೀ ಶಿವಾ, ಇಮಾನ ತಪ್ತೈತಿ" ಎಂದು ಅವಸರಿಸಿ, ಅವನ ಬೆರಗನ್ನು ಲೆಕ್ಕಿಸದೆ ಹತ್ತಿ ಕೂತಳು. ಮೂರು ಜನ ಕೂರುವ ಸೀಟಿನಲ್ಲಿ ಅವಳೊಬ್ಬಳು, ತೊಡೆಯ ಮೇಲೆ ಚೀಲ. ಎರಡೂ ಕಡೆ ಹತ್ತಿ ಹೊಲಗಳು ಬಿಳುಪಾಗಿದ್ದವು. ಹಳ್ಳ ಬಂದಾಗಲೆಲ್ಲ ಅವಳು ಚೀಲವನ್ನು ಕೂಸಿನ ಹಾಗೆ ಎದೆಗೆ ಒತ್ತಿ ಹಿಡಿಯುತ್ತಿದ್ದಳು. ಹಿತ್ತಲು, ಚಾರ್ಜು, ಯಾವುದನ್ನು ಹೇಳಲಿ ಎಂದು ಇನ್ನೂ ನಿಶ್ಚಯವಾಗಿರಲಿಲ್ಲ.

ಪೆಟ್ರೋಲ್ ಬಂಕಿನ ಮುಂದೆ ಕಾರು ಬಂದು ನಿಂತೇ ಇತ್ತು. ಉಚ್ಚೀರಪ್ಪ ಓಡಿ ಬಂದು ಚೀಲ ಇಸಿದುಕೊಂಡವನೇ ಶಾಸ್ತ್ರ ಮರೆತು ಅಲ್ಲೇ ಗಂಟು ಬಿಚ್ಚಿದ. ಪಾಸ್‌ಪೋರ್ಟು ಕಣ್ಣಿಗೆ ಬಿದ್ದ ಮೇಲೆ ಅವನಿಗೆ ಉಸಿರು ಬಂತು, ಉಸಿರಿನ ಹಿಂದೆಯೇ ಅನುಮಾನವೂ ಬಂತು.

"ಅಲ್ಲ ಹೇಮವ್ವಾ, ನಾವು ಎಂಟಕ್ಕ ಬಿಟ್ಟೀವಿ. ಒಂಬತ್ತರ ತನಕ ನೀ ಏನ್ ಮಾಡ್ತಿದ್ದಿ? ಚೀಲ ನಿನ್ನ ಕಣ್ಣಿಗೆ ಬೀಳ್ಲಿಲ್ಲೇನು?"

ಹೇಮಾವತಿ ಬಾಯಿ ತೆರೆಯುವ ಮೊದಲೇ ಚೇತನ ನಡುವೆ ಬಂದಳು. "ಮಾಮಾ, ಚೀಲ ತಗೊಳ್ಳೋದು ನನ್ನ ಕೆಲಸ ಇತ್ತು. ನಾ ಮರ್ತ್ನಿ. ಅಕ್ಕಗೇನು ಅನಬ್ಯಾಡ್ರಿ." ಉಚ್ಚೀರಪ್ಪ ಗೊಣಗುತ್ತ, ಮೂರು ಗಂಟೆಯೊಳಗೆ ಮುಟ್ಟುತ್ತೇವೋ ಇಲ್ಲವೋ ಕೇಳಲು ಬಾಲರಾಜನ ಹತ್ತಿರ ಹೋದ.

ಇಬ್ಬರೇ ಉಳಿದರು. ಅತ್ತು ಅತ್ತು ಚೇತನಳ ಕಣ್ಣುಗಳು ಊದಿಕೊಂಡಿದ್ದವು. ಅವಳು ಹೇಮಾವತಿಯ ಮುಖವನ್ನೇ ನೋಡುತ್ತಿದ್ದಳು.

"ಕಾರು ಹಿಂದಕ್ಕ ಹೋಗೋವಾಗ ನಾ ನಿನ್ನ ನೋಡಿದ್ನಿ ಅಕ್ಕಾ" ಎಂದಳು, ಮಾವನಿಗೆ ಕೇಳಿಸದ ಹಾಗೆ. "ಕಟ್ಟಿಮ್ಯಾಲ ನಿಂತಿದ್ದಿ. ಬಗಲಾಗ ಚೀಲ ಇತ್ತು. ಆಗ ನನಗ ಹೊಳಿಲಿಲ್ಲ. ಈಗ ತಿರುಗಿ ಬರೋವಾಗ ಹೊಳೀತು."

ಹೇಮಾವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ನಾ ಫೋನ್ ಮಾಡ್ದಿದ್ರ?" ಎಂದು ಕೇಳಿದಳು ಚೇತನ.

ಈಗ ಯಾವ ಸುಳ್ಳೂ ಅಳತೆಗೆ ಕೂರುವಂತಿರಲಿಲ್ಲ. "ಗೊತ್ತಿಲ್ಲ ತಾಯಿ" ಎಂದಳು ಹೇಮಾವತಿ. "ಫೋನ್ ಕೈಯಾಗ ಹಿಡಕೊಂಡಿದ್ನಿ. ಆದ್ರ ಮಾಡ್ತಿದ್ನೋ ಇಲ್ಲೋ, ದೇವರಾಣಿ ಗೊತ್ತಿಲ್ಲ. ನೀ ಹೋಗೋದು ನನಗ ಬ್ಯಾಡಾಗಿತ್ತು."

ಚೇತನಳ ಮುಖದಲ್ಲಿ ಏನೇನೋ ಬಂದು ಹೋಯಿತು. ಸಿಟ್ಟು ಅದರಲ್ಲಿ ಇತ್ತು, ಅಷ್ಟು ಹೇಮಾವತಿಗೆ ಕಂಡಿತು. ರಸ್ತೆಯಲ್ಲಿ ಕರ್ನೂಲಿನ ಬಸ್ಸೊಂದು ಧೂಳೆಬ್ಬಿಸಿ ಹೋಯಿತು. ಬಾಲರಾಜ್ ಹಾರನ್ ಹೊಡೆದ. ಚೇತನ ಬಿಚ್ಚಿದ್ದ ಚೀಲದಿಂದ ಕುಂಕುಮದ ಪೊಟ್ಟಣ ತೆಗೆದು ಹೇಮಾವತಿಯ ಅಂಗೈಯಲ್ಲಿಟ್ಟು, ಹಣೆ ಮುಂದೆ ಮಾಡಿದಳು.

"ಹಚ್ಚು. ಹೊತ್ತಾಗೈತಿ."

ಹನ್ನೊಂದು ವರ್ಷದಿಂದ ಹೇಮಾವತಿಯ ಬೆರಳು ಇನ್ನೊಬ್ಬರ ಹಣೆಗೆ ಹೋಗಿರಲಿಲ್ಲ. ಹಚ್ಚುವಾಗ ಕುಂಕುಮ ಸೊಟ್ಟಗಾಗಿ ಹುಬ್ಬಿನ ಮೇಲೆ ಉದುರಿತು. ಒರೆಸಿ ಸರಿಮಾಡಲು ಹೋದರೆ ಚೇತನ ಅವಳ ಕೈ ಹಿಡಿದು ತಡೆದಳು. ಹಾಗೆಯೇ ಒಂದು ಗಳಿಗೆ ಹಿಡಿದುಕೊಂಡಿದ್ದು, ಬಿಟ್ಟು, ಚೀಲ ಬಗಲಿಗೆ ಹಾಕಿಕೊಂಡು ನಡೆದಳು. ಮುಟ್ಟಿದ ಮೇಲೆ ಫೋನ್ ಮಾಡ್ತೀನಿ ಎಂದು ಅವಳು ಹೇಳಲಿಲ್ಲ. ಮಾಡು ಎಂದು ಕೇಳುವ ಧೈರ್ಯ ಹೇಮಾವತಿಗೆ ಬರಲಿಲ್ಲ. ಕಾರು ತಿರುಗಿ, ಕರ್ನೂಲಿನ ರಸ್ತೆ ಹಿಡಿದು, ಹತ್ತಿ ಟ್ರ್ಯಾಕ್ಟರುಗಳ ಹಿಂದೆ ಮರೆಯಾಯಿತು.

"ಅಕ್ಕಾ, ಖಾಲಿ ಹೋಗೋದು ಬ್ಯಾಡ, ಮಂದೀನ ಹತ್ತಿಸ್ಲಾ?" ಎಂದು ಶಿವಕೃಷ್ಣ ಕೇಳಿದ. ಹೂಂ ಎಂದಳು. ರಸ್ತೆಯ ಪಕ್ಕದಲ್ಲಿ ಹತ್ತಿ ಬಿಡಿಸಲು ಹೊರಟ ಹೆಣ್ಣಾಳುಗಳ ಗುಂಪೊಂದು ಆಟೋ ಕಾಯುತ್ತಿತ್ತು. ಅವನು ನಿಲ್ಲಿಸಿದ್ದೇ ತಡ, ಬುತ್ತಿ ಗಂಟು, ನೀರಿನ ಕ್ಯಾನು, ಮಡಿಲು ಕಟ್ಟುವ ಹಳೆ ಸೀರೆಗಳ ಸಮೇತ ಎಂಟು ಮಂದಿ ಒಳನುಗ್ಗಿದರು. "ಅತ್ತಾಗ ಸರಿ ಅಕ್ಕಾ, ಸರಿ, ಇನ್ನ ಒಬ್ಬಾಕಿ ಕುಂದರ್ತಾಳ" ಎಂದು ಅವಳನ್ನು ಸೀಟಿನ ನಟ್ಟನಡುವೆ ದೂಡಿ ಎರಡೂ ಕಡೆ ಒತ್ತಿ ಕೂತರು. ಬಲಗಡೆಯವಳ ಮೊಣಕೈ ಇವಳ ಪಕ್ಕೆಯಲ್ಲಿ, ಎಡಗಡೆಯವಳ ತೊಡೆ ಇವಳ ತೊಡೆಯ ಮೇಲೆ. ಬೆವರು, ಎಣ್ಣೆ, ಉಳ್ಳಾಗಡ್ಡಿಯ ವಾಸನೆ. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು, ಯಾರದೋ ಮದುವೆ, ಯಾರದೋ ಹೆರಿಗೆ, ತೆಲುಗು ಒಂದಿಷ್ಟು, ಕನ್ನಡ ಒಂದಿಷ್ಟು.

"ಯಾರನ್ನರ ಕಳಿಸಾಕ ಬಂದಿದ್ದೇನು?" ಎಂದು ಎಡಗಡೆಯವಳು ಕೇಳಿದಳು. ಹೇಮಾವತಿಯ ಕೆನ್ನೆ ಒದ್ದೆಯಾಗಿದ್ದನ್ನು ನೋಡಿರಬೇಕು.

"ಹೂಂ."

"ದೂರೇನು?"

"ದೂರ."

ಅವಳು ಮುಂದೆ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಕೂತಲ್ಲೇ ತೂಕಡಿಸಿ, ಗುರುತು ಪರಿಚಯವಿಲ್ಲದ ಹೇಮಾವತಿಯ ಹೆಗಲಿಗೆ ತಲೆಯಾನಿಸಿ ನಿದ್ದೆ ಹೋದಳು. ಹೇಮಾವತಿ ಹೆಗಲು ಅಲುಗಿಸಲಿಲ್ಲ. ಉಸಿರು ಕೂಡ ಸಣ್ಣಗೆ ಎಳೆದುಕೊಂಡಳು.

ಐದಾರು ಮೈಲಿಯಾದ ಮೇಲೆ ಒಂದು ಹೊಲದ ದಾರಿಯಲ್ಲಿ ಎಲ್ಲರೂ ದಬದಬನೆ ಇಳಿದರು. ಹೆಗಲ ಮೇಲೆ ಮಲಗಿದ್ದವಳು ಕಣ್ಣುಜ್ಜಿಕೊಂಡು, ಇವಳ ಕಡೆ ನೋಡದೆಯೇ ಬುತ್ತಿ ಎತ್ತಿಕೊಂಡು ಹೋದಳು. ಶಿವಕೃಷ್ಣ ಕನ್ನಡಿಯಲ್ಲಿ ನೋಡಿ, "ಈಗ ಸರಿಯಾಗಿ ಕುಂದ್ರಕ್ಕಾ, ಜಾಗ ಆತು" ಎಂದ. ಹೇಮಾವತಿ ಸರಿಯಲಿಲ್ಲ. ಆದೋನಿಯ ಗುಡ್ಡ ಕಾಣುವ ತನಕ, ಎರಡೂ ಕಡೆ ಯಾರೋ ಒತ್ತಿ ಕೂತಿರುವ ಹಾಗೆಯೇ, ತೋಳು ಮುದುಡಿಕೊಂಡು ಸೀಟಿನ ನಡುವೆ ಕೂತಿದ್ದಳು.